ಟ್ಯಾಂಕ್ ಪಕ್ಕದ ಇಪ್ಪತ್ತು ವರ್ಷ, ಅದಕ್ಕೂ ಹಿಂದಿನ ಒಂಬತ್ತು: ತುಮಕೂರಿನ ಒಂದು ಹೊಟ್ಟೆ ಕ್ಯಾನ್ಸರ್ ಪ್ರಕರಣ

51 ವರ್ಷದ ಗಂಡಸು. ಹುಟ್ಟೂರು ಕೊರಟಗೆರೆ ಕಡೆ, ವಾಸ ತುಮಕೂರು. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಕೆಲಸ. ಲೋಹದ ಬಿಡಿಭಾಗಗಳ ಜಿಡ್ಡನ್ನು ರಾಸಾಯನಿಕದ ಟ್ಯಾಂಕಿನಲ್ಲಿ ತೆಗೆದು, ಪೇಂಟ್ ಹೊಡೆದು ದೊಡ್ಡ ಕಂಪನಿಗಳಿಗೆ ಕಳಿಸುವ ಘಟಕ ಅದು. 2022ರಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಆಸ್ಪತ್ರೆಯ ಫೈಲ್ ಹಿಡಿದು ಬಂದ ಹೆಂಡತಿ, ಮಗ ಇಬ್ಬರದೂ ಒಂದೇ ಪ್ರಶ್ನೆ: "ಆ ಟ್ಯಾಂಕಿನ ವಾಸನೆಯಿಂದಲೇ ಬಂತಾ ಸಾರ್ ಇದು?"

ನಾನು ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಆಗಿದ್ದು ನಿವೃತ್ತನಾದವನು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಗದಪತ್ರ ಅರ್ಥವಾಗದವರು ಆಗಾಗ ಬರುತ್ತಾರೆ. ಈ ಮನುಷ್ಯನನ್ನು ಶೆಡ್‌ನಲ್ಲಿ ಎಲ್ಲರೂ ಅಣ್ಣ ಅನ್ನುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕಾಯಿಲೆಯ ಮತ್ತು ಕೆಲಸದ ವಿವರಗಳಲ್ಲಿ ಏನೂ ಬದಲಿಸಿಲ್ಲ.

ಗ್ಯಾಸ್ ಅಂದುಕೊಂಡ ಎಂಟು ತಿಂಗಳು

ಶುರುವಾಗಿದ್ದು 2021ರ ದೀಪಾವಳಿಯ ಸುಮಾರಿಗೆ. ಸ್ವಲ್ಪ ತಿಂದರೆ ಸಾಕು, ಹೊಟ್ಟೆ ತುಂಬಿದ ಹಾಗೆ. ಕ್ಯಾತ್ಸಂದ್ರದಲ್ಲಿ ನಿಂತು ಎರಡು ತಟ್ಟೆ ಇಡ್ಲಿ ಹೊಡೆಯುತ್ತಿದ್ದ ಮನುಷ್ಯ ಒಂದರಲ್ಲಿ ಅರ್ಧಕ್ಕೇ ಕೈ ತೊಳೆಯುತ್ತಿದ್ದರು. ಮೆಡಿಕಲ್ ಸ್ಟೋರಿನವನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ ಕೊಟ್ಟ. ಉರಿ ಕಡಿಮೆಯಾಯಿತು. ಮತ್ತೆ ಬಂತು, ಮತ್ತೆ ಮಾತ್ರೆ.

ಈ ಮಾತ್ರೆ ಹೊಟ್ಟೆಯಲ್ಲಿ ಆಮ್ಲ ಉಂಟಾಗುವುದನ್ನು ತಗ್ಗಿಸುತ್ತದೆ. ಕ್ಯಾನ್ಸರಿನ ಹುಣ್ಣಿದ್ದರೂ ನೋವು ಕೆಲವು ವಾರ ಹತೋಟಿಗೆ ಬರಬಹುದು. ಹಾಗಾಗಿ "ಮಾತ್ರೆಗೆ ಕಡಿಮೆ ಆಯ್ತು, ಅಂದ್ರೆ ಗ್ಯಾಸೇ" ಅನ್ನುವ ಲೆಕ್ಕ ತಪ್ಪು. ತಿಂಗಳುಗಟ್ಟಲೆ ಮಾತ್ರೆ ಬೇಕಾಗುತ್ತಿದೆ, ಜೊತೆಗೆ ತೂಕವೂ ಇಳಿಯುತ್ತಿದೆ ಅಂದರೆ ಒಳಗೆ ಕೊಳವೆ ಇಳಿಸಿ ನೋಡಲೇಬೇಕು.

ಮಾರ್ಚ್ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಬಡಾವಣೆಯ ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 7.8. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಇಲ್ಲಿ ಒಂದು ಎಡವಟ್ಟಾಯಿತು. ಹೊಟ್ಟೆಯಲ್ಲಿ ರಕ್ತ ಒಸರಿದರೆ ಮಲ ಕಪ್ಪಾಗುತ್ತದೆ, ಕಬ್ಬಿಣದ ಮಾತ್ರೆ ನುಂಗಿದರೂ ಕಪ್ಪಾಗುತ್ತದೆ. ಅಣ್ಣ ಇದು ಮಾತ್ರೆಯ ಬಣ್ಣ ಅಂದುಕೊಂಡು ಸುಮ್ಮನಿದ್ದರು. ಮಾತ್ರೆ ಶುರು ಮಾಡುವ ಮುಂಚೆಯೂ ಕಪ್ಪಗೇ ಹೋಗುತ್ತಿತ್ತು ಎಂದು ನೆನಪಾಗಿದ್ದು ಎಷ್ಟೋ ದಿನದ ಮೇಲೆ, ಅದೂ ಹೆಂಡತಿ ಕೆದಕಿ ಕೇಳಿದಾಗ. ಐವತ್ತರ ಗಂಡಸಿಗೆ ರಕ್ತ ಇಷ್ಟು ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಎಂದೇ ಮೊದಲು ಅನುಮಾನಿಸಬೇಕಿತ್ತು.

ಜೂನ್‌ನಲ್ಲಿ ಎಂಡೋಸ್ಕೋಪಿ ಆಯಿತು. ಅಷ್ಟರಲ್ಲಿ 68 ಕಿಲೋ ಇದ್ದವರು 57ಕ್ಕೆ ಇಳಿದಿದ್ದರು. ಜಠರದ ಕೆಳಭಾಗದಲ್ಲಿ ಅಂಚು ಎದ್ದ ದೊಡ್ಡ ಹುಣ್ಣು. ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಅಡಿನೋಕಾರ್ಸಿನೋಮಾ, ಅಂದರೆ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಎಂದು ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಕೂಡ ಇತ್ತು. ಸಿಟಿ ಸ್ಕ್ಯಾನ್‌ನಲ್ಲಿ ಪಕ್ಕದ ಕೆಲವು ಗ್ರಂಥಿಗಳು ಊದಿದ್ದವು, ಯಕೃತ್ತಿಗೆ ಹರಡಿರಲಿಲ್ಲ. ಇಎಸ್‌ಐ ಮೂಲಕ ಬೆಂಗಳೂರಿಗೆ ಕಳಿಸಿದರು. ನಾಲ್ಕು ಸುತ್ತು ಕೀಮೋ, ಆಮೇಲೆ ಜಠರದ ಬಹುಭಾಗವನ್ನೂ ಸುತ್ತಲಿನ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆ, ಮತ್ತೆ ನಾಲ್ಕು ಸುತ್ತು ಕೀಮೋ. ಇಂಥ ಹಂತದ ಕಾಯಿಲೆಗೆ ಈಗ ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ.

ಫೈಲಿನಲ್ಲಿ ಇಲ್ಲದ ಪುಟ

ಆಸ್ಪತ್ರೆಯ ಫೈಲ್ ದಪ್ಪಗಿತ್ತು. ಅದರಲ್ಲಿ ಉದ್ಯೋಗದ ಜಾಗದಲ್ಲಿ "ಖಾಸಗಿ ಕೆಲಸ" ಎಂದಷ್ಟೇ ಬರೆದಿತ್ತು. ಏನು ಕೆಲಸ, ಎಷ್ಟು ವರ್ಷ, ಕೈಗೆ ಏನು ತಾಗುತ್ತಿತ್ತು, ಯಾರೂ ಕೇಳಿರಲಿಲ್ಲ. ಬೀಡಿ ಸೇದ್ತೀರಾ, ಕುಡೀತೀರಾ ಎಂದು ಮಾತ್ರ ಕೇಳಿದ್ದರು.

ಹಾಗಾಗಿ ಮೊದಲು ಆ ಪುಟವನ್ನು ನಾವೇ ಬರೆದೆವು. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಮದುವೆಗೆ ಮುಂಚೆಯಾ ಆಮೇಲಾ, ಮಗ ಹುಟ್ಟಿದಾಗ ಯಾವ ಕೆಲಸ, ಬೈಕ್ ತಗೊಂಡಾಗ ಯಾವ ಶಿಫ್ಟ್, ಹೀಗೆ ಕೇಳಿದರೆ ತಾನಾಗಿಯೇ ಬರುತ್ತದೆ. ಗಂಡ ಮರೆತದ್ದನ್ನು ಹೆಂಡತಿ ಸೇರಿಸಿದರು. ಬಟ್ಟೆ ಒಗೆಯುತ್ತಿದ್ದವರು ಅವರು. ಯಾವ ವರ್ಷ ಯಾವ ಕಲೆ, ಯಾವ ವಾಸನೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿತ್ತು.

2001ರಿಂದ 2022ರವರೆಗೆ ಈಗಿನ ಘಟಕ. ಹೆಚ್ಚು ಕಾಲ ಡಿಗ್ರೀಸಿಂಗ್ (ಜಿಡ್ಡು ತೆಗೆಯುವ) ಟ್ಯಾಂಕ್ ಮೇಲೆ, ನಡುನಡುವೆ ಪೇಂಟ್ ಶಾಪ್. ಟ್ಯಾಂಕಿನಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ಜಿಡ್ಡು ಕರಗಿಸುವ ದ್ರವ. ಕೆಲಸಗಾರರ ಬಾಯಲ್ಲಿ ಅದು ಟ್ರೈಕ್ಲೋ. ತಳದಲ್ಲಿ ಬಿಸಿ ಮಾಡಿದರೆ 87 ಡಿಗ್ರಿಗೆ ಕುದಿಯುತ್ತದೆ. ಆವಿ ಮೇಲೆದ್ದು ತಣ್ಣನೆಯ ಲೋಹಕ್ಕೆ ತಾಗಿ ದ್ರವವಾಗುತ್ತದೆ, ಜಿಡ್ಡನ್ನು ಎಳೆದುಕೊಂಡು ಕೆಳಗಿಳಿಯುತ್ತದೆ. ಟ್ಯಾಂಕಿನ ಬಾಯಿಯ ಸುತ್ತ ತಣ್ಣೀರು ಹರಿಯುವ ಕೊಳವೆ ಇರಬೇಕು, ಆವಿ ಹೊರಗೆ ಬಾರದಂತೆ ತಡೆಯುವುದು ಅದೇ. ಇಲ್ಲಿ ಆ ಕೊಳವೆ ಕಟ್ಟಿಕೊಂಡು ವರ್ಷಗಳೇ ಆಗಿದ್ದವು. ಈ ಆವಿ ಗಾಳಿಗಿಂತ ನಾಲ್ಕೂವರೆ ಪಟ್ಟು ಭಾರ. ಮೇಲೆ ಹಾರಿಹೋಗುವುದಿಲ್ಲ, ಟ್ಯಾಂಕಿನ ಬಾಯಿಂದ ತುಳುಕಿ ಕಾಲ ಬುಡದಲ್ಲಿ ನಿಲ್ಲುತ್ತದೆ. ಬುಟ್ಟಿ ಎತ್ತಲು ಬಗ್ಗಿದವನ ಮುಖ ನೇರವಾಗಿ ಅದರೊಳಗೆ. ಗೋಡೆಯ ಮೇಲೆ ಎತ್ತರದಲ್ಲಿದ್ದ ಎಕ್ಸಾಸ್ಟ್ ಫ್ಯಾನ್ ಏನು ಎಳೆಯುತ್ತಿತ್ತೋ ದೇವರಿಗೇ ಗೊತ್ತು.

"ಮೊದಮೊದಲು ತಲೆ ಸುತ್ತೋದು ಸಾರ್, ಆಮೇಲೆ ವಾಸನೇನೇ ಗೊತ್ತಾಗ್ತಿರಲಿಲ್ಲ" ಅಂದರು ಅಣ್ಣ. ಮೂಗು ವಾಸನೆಗೆ ಒಗ್ಗಿಹೋಗುತ್ತದೆ, ಆವಿ ಮಾತ್ರ ಇದ್ದಷ್ಟೇ ಇರುತ್ತದೆ. ಇನ್ನೊಂದು ಮಾತನ್ನು ನಗುತ್ತಾ ಹೇಳಿದರು: "ಶನಿವಾರ ಎರಡು ಪೆಗ್ ಹಾಕಿದ್ರೆ ನಮ್ಮ ಸೆಕ್ಷನ್ನೋರಿಗೆ ಮಾತ್ರ ಮುಖ, ಎದೆ ಎಲ್ಲಾ ಕೆಂಪಗಾಗೋದು. ಪೇಂಟಿಂಗ್ ಹುಡುಗರಿಗೆ ಆಗ್ತಿರಲಿಲ್ಲ." ಇದು ತಮಾಷೆಯಲ್ಲ. ಮೈಯಲ್ಲಿ ಟ್ರೈಕ್ಲೋ ಇರುವಾಗ ಮದ್ಯ ಸೇರಿದರೆ ರಕ್ತನಾಳ ಹಿಗ್ಗಿ ಚರ್ಮ ಹೀಗೆ ಕೆಂಪಾಗುವುದು ಡಿಗ್ರೀಸಿಂಗ್ ಕೆಲಸಗಾರರಲ್ಲಿ ಬಹಳ ಹಿಂದೆಯೇ ಗುರುತಿಸಿದ ಲಕ್ಷಣ. ಯಾವ ಲ್ಯಾಬ್ ರಿಪೋರ್ಟೂ ಇಲ್ಲದ ಈ ಪ್ರಕರಣದಲ್ಲಿ, ಅವರ ಮೈಗೆ ಟ್ರೈಕ್ಲೋ ಸಾಕಷ್ಟು ಹೋಗುತ್ತಿತ್ತು ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ಪುರಾವೆ ಇದು.

ಮಾಸ್ಕ್ ಕೊಟ್ಟಿದ್ದರಾ? ಕೊಟ್ಟಿದ್ದರು, ಧೂಳಿನ ಮಾಸ್ಕ್. ಅದು ಆವಿಯನ್ನು ತಡೆಯುವುದಿಲ್ಲ. ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಆ ಕಾರ್ಟ್ರಿಜ್ ತುಂಬಿದ ಮೇಲೆ ಬದಲಿಸಲೂ ಬೇಕು. ಪೇಂಟ್ ಶಾಪಿನಲ್ಲಿ ಕೈ ತೊಳೆಯುತ್ತಿದ್ದುದು ಥಿನ್ನರ್‌ನಲ್ಲೇ. ಡಬ್ಬದ ವಿವರಪತ್ರ ತರಿಸಿ ನೋಡಿದರೆ ಟಾಲ್ವೀನ್, ಕ್ಸೈಲೀನ್, ಬ್ಯುಟೈಲ್ ಅಸಿಟೇಟ್. ಚರ್ಮದ ಮೂಲಕವೂ ಇವು ಒಳಗೆ ಹೋಗುತ್ತವೆ. ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಊಟ.

ಗಾಳಿಯಲ್ಲಿ ಎಷ್ಟಿತ್ತು?

ಯಾರೂ ಯಾವತ್ತೂ ಅಳೆದಿರಲಿಲ್ಲ. ಆದರೆ ಖರೀದಿ ಪುಸ್ತಕ ಇತ್ತಲ್ಲ. ತಿಂಗಳಿಗೆ 200 ಲೀಟರಿನ ಒಂದು ಬ್ಯಾರೆಲ್ ಬರುತ್ತಿತ್ತು. ಸುಮಾರು ಅರ್ಧದಷ್ಟು ಕೊಳಕು ಕೆಸರಾಗಿ ಹೊರಗೆ ಹೋಗುತ್ತಿತ್ತು. ಉಳಿದ 100 ಲೀಟರ್ ಎಲ್ಲಿ ಹೋಯಿತು? ಗಾಳಿಗೆ. ಬೇರೆ ದಾರಿಯೇ ಇಲ್ಲ.

ಲೀಟರಿಗೆ 1.46 ಕಿಲೋ ತೂಕ, ಅಂದರೆ 146 ಕಿಲೋ. ತಿಂಗಳಿಗೆ 200 ಗಂಟೆ ಕೆಲಸ ಎಂದರೆ ಗಂಟೆಗೆ ಮುಕ್ಕಾಲು ಕಿಲೋ ಹತ್ತಿರ. ಶೆಡ್ಡಿನ ಒಳಗೆ ಸುಮಾರು 1000 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲ ಪೂರ್ತಿ ಗಾಳಿ ಬದಲಾಗುತ್ತದೆ ಎಂದು ಉದಾರವಾಗಿ ಹಿಡಿದರೂ ಸರಾಸರಿ 27 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 27 ಪಾಲು) ಬರುತ್ತದೆ. ಇದು ಇಡೀ ಶೆಡ್ಡಿನ ಸರಾಸರಿ. ಟ್ಯಾಂಕ್ ಮೇಲೆ ಬಗ್ಗಿದವನಿಗೆ ಇದರ ಹಲವು ಪಟ್ಟು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ ಎರಡನೇ ಅನುಸೂಚಿಯಲ್ಲಿ ಎಂಟು ಗಂಟೆಯ ಮಿತಿ 50 ಪಿಪಿಎಂ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಸೂಚಿಸುವುದು 10. ಇದು ಒರಟು ಲೆಕ್ಕ, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಮಾಲೀಕರ ಮುಂದೆ ಮಾತಾಡಲು ಸಾಕಾಯಿತು.

ಹಾಗಾದರೆ ಟ್ಯಾಂಕೇ ಕಾರಣವಾ?

ಕುಟುಂಬ ಇಷ್ಟು ಹೊತ್ತಿಗೆ ಹೌದು ಎಂದೇ ತೀರ್ಮಾನಿಸಿತ್ತು. ನನಗೆ ಹಾಗೆ ಹೇಳಲು ಆಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟ್ರೈಕ್ಲೋರೋಎಥಿಲೀನನ್ನು ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಆ ಖಚಿತ ಸಾಕ್ಷ್ಯ ಮೂತ್ರಪಿಂಡದ ಕ್ಯಾನ್ಸರಿಗೆ. ಯಕೃತ್ತು ಮತ್ತು ಒಂದು ಬಗೆಯ ದುಗ್ಧಗ್ರಂಥಿ (ಲಿಂಫ್) ಕ್ಯಾನ್ಸರಿಗೆ ಅರೆಬರೆ ಸಾಕ್ಷ್ಯವಿದೆ. ಹೊಟ್ಟೆ ಆ ಪಟ್ಟಿಯಲ್ಲಿಲ್ಲ. ಟಾಲ್ವೀನ್, ಕ್ಸೈಲೀನ್ ಎರಡೂ ಮೂರನೇ ಗುಂಪು, ಈಗಿರುವ ಸಾಕ್ಷ್ಯದಿಂದ ಆ ಕಡೆ ಈ ಕಡೆ ಹೇಳಲಾಗದಂಥವು. ಡ್ರೈಕ್ಲೀನಿಂಗ್, ಲೋಹದ ಕೆಲಸ ಮಾಡುವವರ ಅಧ್ಯಯನಗಳಲ್ಲಿ ಕೆಲವು ಕಡೆ ಹೊಟ್ಟೆ ಕ್ಯಾನ್ಸರ್ ತುಸು ಜಾಸ್ತಿ ಕಾಣುತ್ತದೆ, ಕೆಲವು ಕಡೆ ಕಾಣುವುದಿಲ್ಲ. ಬೀಡಿ ಸಿಗರೇಟು, ಬಡತನ, ಪೈಲೋರಿ ಸೋಂಕು ಇವನ್ನೆಲ್ಲ ಬೇರೆ ಮಾಡಿ ನೋಡುವುದು ಅಲ್ಲಿ ಕಷ್ಟ. ಸಾಲ್ವೆಂಟಿಗೂ (ಇಂಥ ಕರಗಿಸುವ ದ್ರವಗಳಿಗೂ) ಹೊಟ್ಟೆ ಕ್ಯಾನ್ಸರಿಗೂ ಇರುವ ನಂಟು ಸಡಿಲ.

ಕೆಲಸದ ಪುಟ ಬರೆದದ್ದು ಉಪಯೋಗಕ್ಕೆ ಬಂದದ್ದು ಇಲ್ಲಿ. 2001ಕ್ಕಿಂತ ಹಿಂದೆ ಏನು ಮಾಡ್ತಿದ್ರಿ ಎಂದು ಕೇಳಿದಾಗ ಅಣ್ಣ ಕೈ ಅಲ್ಲಾಡಿಸಿದರು. "ಅದು ಬಿಡಿ ಸಾರ್. ಪೀಣ್ಯದಲ್ಲಿ ರಬ್ಬರ್ ಫ್ಯಾಕ್ಟರಿ. ಅಲ್ಲಿ ಕೆಮಿಕಲ್ ಏನಿರಲಿಲ್ಲ, ಬರೀ ಧೂಳು."

1990ರಿಂದ 1999. ಹತ್ತೊಂಬತ್ತನೇ ವಯಸ್ಸಿಗೆ ಸೇರಿದ್ದರು. ಮಿಕ್ಸಿಂಗ್ ಮಿಲ್ ಮೇಲೆ ಕೆಲಸ. ತಿರುಗುವ ಎರಡು ರೋಲರ್ ನಡುವೆ ರಬ್ಬರ್ ಹಾಕಿ, ಅದಕ್ಕೆ ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ), ಗಂಧಕ, ಬೇಗ ಬೇಯಿಸುವ ಪುಡಿಗಳನ್ನು ಕೈಯಲ್ಲೇ ಸುರಿದು ಕಲೆಸುವುದು. ಆಮೇಲೆ ಪ್ರೆಸ್ಸಿನಲ್ಲಿ ಬೇಯಿಸುವುದು. "ಮನೆಗೆ ಬಂದು ಉಗಿದರೆ ಕರ್ರಗೆ. ಬೆಳಿಗ್ಗೆ ಎದ್ದು ಕೆಮ್ಮಿದರೂ ಕರ್ರಗೆ. ಒಂಬತ್ತು ವರ್ಷವೂ ಹಾಗೇ." ಮದುವೆಯಾದ ಹೊಸತರಲ್ಲಿ ದಿಂಬಿನ ಕವರ್ ಒಗೆದು ಒಗೆದು ಸಾಕಾಗಿತ್ತು ಎಂದು ಹೆಂಡತಿ ಸೇರಿಸಿದರು.

ರಬ್ಬರ್ ತಯಾರಿಕೆಯ ಕೆಲಸವನ್ನೂ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿ ಇಟ್ಟಿದೆ. ಅಲ್ಲಿ ಖಚಿತ ಸಾಕ್ಷ್ಯ ಇರುವ ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಹೊಟ್ಟೆ ಇದೆ. ರಕ್ತ, ದುಗ್ಧಗ್ರಂಥಿ, ಮೂತ್ರಕೋಶ, ಶ್ವಾಸಕೋಶ, ಹೊಟ್ಟೆ. 2012ರಲ್ಲಿ ಪ್ರಕಟವಾದ ಅದರ ಸಂಪುಟದಲ್ಲಿ ಇದು ಸ್ಪಷ್ಟವಾಗಿದೆ. ಹೇಗೆ ಎಂಬುದನ್ನು ಊಹಿಸುವುದೂ ಕಷ್ಟವಲ್ಲ. ಉಸಿರಿನಲ್ಲಿ ಹೋದ ಧೂಳಿನ ದೊಡ್ಡ ಪಾಲು ಕಫದ ಜೊತೆ ಗಂಟಲಿಗೆ ಬರುತ್ತದೆ. ಉಗಿಯದೆ ಉಳಿದದ್ದು ಹೊಟ್ಟೆಗೇ ಹೋಗುತ್ತದೆ. ಬೇಯಿಸುವಾಗ ಏಳುವ ಹೊಗೆಯಲ್ಲಿ ನೈಟ್ರೋಸಮೈನ್‌ಗಳಿರುತ್ತವೆ, ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ವಸ್ತುಗಳು ಅವು. ಹೊಟ್ಟೆ ಕ್ಯಾನ್ಸರ್ ಒಂದೆರಡು ವರ್ಷದಲ್ಲಿ ಆಗುವಂಥದ್ದಲ್ಲ. ಒಳಪದರದ ಉರಿಯೂತ, ಅದು ಸವೆದು ತೆಳುವಾಗುವುದು, ಜೀವಕೋಶಗಳ ಚಹರೆ ಬದಲಾಗುವುದು, ಹೀಗೆ ಹಂತ ಹಂತವಾಗಿ ದಶಕಗಳು ಹಿಡಿಯುತ್ತದೆ. 1990ರಲ್ಲಿ ಶುರುವಾದದ್ದು 2022ರಲ್ಲಿ ಕಾಣಿಸಿಕೊಳ್ಳುವುದು ಈ ಲೆಕ್ಕಕ್ಕೆ ಕೂಡುತ್ತದೆ.

ಹಾಗಂತ ಇಲ್ಲೂ ಬೆರಳು ತೋರಿಸಿ ಇದೇ ಅನ್ನುವ ಹಾಗಿಲ್ಲ. ಆ ಸಾಕ್ಷ್ಯದ ಹೆಚ್ಚಿನ ಪಾಲು ಪಾಶ್ಚಾತ್ಯ ದೇಶಗಳ ಹಳೇ ಕಾಲದ ಕಾರ್ಖಾನೆಗಳದ್ದು. ಆಮೇಲೆ ಅಲ್ಲಿ ಧೂಳು ಕಡಿಮೆಯಾಯಿತು, ಅಪಾಯವೂ ಇಳಿದಂತೆ ಕಾಣುತ್ತದೆ. ನಮ್ಮ 1990ರ ಸಣ್ಣ ಘಟಕ ಯಾವ ಕಾಲಕ್ಕೆ ಹತ್ತಿರ ಅಂತ ಕೇಳಿದರೆ, ನನ್ನ ಉತ್ತರ ಹಳೇ ಕಾಲಕ್ಕೇ. ಇದು ನನ್ನ ಅಭಿಪ್ರಾಯ.

ಇನ್ನು ಪೈಲೋರಿ. ಹೊಟ್ಟೆ ಕ್ಯಾನ್ಸರಿನ ಅತಿ ದೊಡ್ಡ ಕಾರಣ ಇದೇ, 1994ರಿಂದ ಮೊದಲ ಗುಂಪಿನಲ್ಲಿದೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ವಯಸ್ಕರ ಹೊಟ್ಟೆಯಲ್ಲಿ ಇದು ಇರುತ್ತದೆ, ಬಹುತೇಕರಿಗೆ ಕ್ಯಾನ್ಸರ್ ಬರುವುದಿಲ್ಲ. ಅಣ್ಣನಿಗೆ ಇದೂ ಇತ್ತು, ದಿನಕ್ಕೆ ಒಂದು ಕಟ್ಟು ಬೀಡಿಯೂ ಇತ್ತು. ಬೀಡಿ ಸಿಗರೇಟೂ ಹೊಟ್ಟೆ ಕ್ಯಾನ್ಸರಿಗೆ ಖಚಿತ ಕಾರಣಗಳಲ್ಲಿ ಒಂದು. ಉಪ್ಪು ಜಾಸ್ತಿ ಇರುವ ಊಟವೂ ಒಳಪದರಕ್ಕೆ ಒಳ್ಳೆಯದಲ್ಲ. ಹಿಟ್ಟಿನ (ರಾಗಿ ಮುದ್ದೆಯ) ಜೊತೆ ಉಪ್ಪಿನಕಾಯಿ ಇಲ್ಲದಿದ್ದರೆ ಇವರಿಗೆ ತುತ್ತು ಇಳಿಯುತ್ತಿರಲಿಲ್ಲವಂತೆ.

ನನ್ನ ತೀರ್ಮಾನ ಇಷ್ಟು: ಪೈಲೋರಿ ನೆಲ ಹದ ಮಾಡಿತು, ಬೀಡಿ ಮತ್ತು ರಬ್ಬರ್ ಧೂಳು ಸೇರಿಕೊಂಡವು, ಟ್ರೈಕ್ಲೋ ಪಾತ್ರ ಇದ್ದರೂ ಕೊನೆಯ ಸ್ಥಾನದ್ದು. ಇದನ್ನು ಹೇಳಿದಾಗ ಮಗನಿಗೆ ಸಿಟ್ಟು ಬಂತು. "ಅಂದ್ರೆ ಓನರ್ ತಪ್ಪೇನೂ ಇಲ್ವಾ?" ಇದೆ. ಟ್ಯಾಂಕ್ ಅಪಾಯಕಾರಿ ಎಂದು ತೋರಿಸಲು ಅದು ಈ ಕ್ಯಾನ್ಸರನ್ನೇ ತಂದಿರಬೇಕು ಅಂತೇನಿಲ್ಲ. ಮೂತ್ರಪಿಂಡಕ್ಕೆ, ಯಕೃತ್ತಿಗೆ, ನರಗಳಿಗೆ ಅದು ಮಾಡುವ ಕೆಡುಕೇ ಸಾಕು.

ದುಡ್ಡು ಎಲ್ಲಿಂದ

ಯೂನಿಯನ್ನಿನ ಗೆಳೆಯರೊಬ್ಬರು ಇದನ್ನು ಉದ್ಯೋಗಜನ್ಯ ಕಾಯಿಲೆ ಎಂದೇ ಇಎಸ್‌ಐಗೆ ಹಾಕೋಣ, ಹೋರಾಡೋಣ ಅಂದರು. ಇಎಸ್‌ಐ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಬೆಂಜೀನ್ ಮತ್ತು ಅದರ ಬಳಗ, ಕ್ಲೋರಿನ್ ಇರುವ ಸಾಲ್ವೆಂಟುಗಳಿಂದ ಬರುವ ಕಾಯಿಲೆಗಳು ಇದ್ದವು. ಒಪ್ಪಿಗೆಯಾದರೆ ದುಡಿಯುವ ಶಕ್ತಿ ಹೋದದ್ದಕ್ಕೆ ಕೂಲಿಯ 90 ಶೇಕಡಾ ಲೆಕ್ಕದಲ್ಲಿ ಹಣ. ಆಸೆ ಹುಟ್ಟಿಸುವ ದಾರಿ. ಆದರೆ ಹೊಟ್ಟೆ ಕ್ಯಾನ್ಸರ್ ಟ್ರೈಕ್ಲೋದಿಂದ ಬಂತು ಎಂದು ಬರೆದುಕೊಡುವ ವೈದ್ಯರು ಯಾರು? ನಂಟು ಗಟ್ಟಿಯಿದ್ದ ರಬ್ಬರ್ ಘಟಕ ಮುಚ್ಚಿಹೋಗಿತ್ತು. ಅಲ್ಲಿ ಇಎಸ್‌ಐ ಇರಲಿಲ್ಲ, ಹಾಜರಿ ಪುಸ್ತಕವೂ ಸಿಗಲಿಲ್ಲ.

ದೀರ್ಘ ಕಾಯಿಲೆಗಳಿಗೆ ಇಎಸ್‌ಐ ಕೊಡುವ ವಿಸ್ತರಿತ ಸೌಲಭ್ಯವನ್ನೇ ಹಿಡಿಯೋಣ ಅಂದೆ. ಅದರ 34 ಕಾಯಿಲೆಗಳ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ, ಕಾರಣ ಸಾಬೀತು ಮಾಡಬೇಕಿಲ್ಲ. ಮೊದಲ 91 ದಿನ ಕೂಲಿಯ 70 ಶೇಕಡಾ, ಆಮೇಲೆ 80 ಶೇಕಡಾ, ವೈದ್ಯರು ಒಪ್ಪುತ್ತಾ ಹೋದರೆ ಗರಿಷ್ಠ ಎರಡು ವರ್ಷ. ಗೆಳೆಯರಿಗೆ ಇದು ಸೋಲೊಪ್ಪಿಕೊಂಡಂತೆ ಕಂಡಿತು. ಈಗಲೂ ನಮ್ಮಿಬ್ಬರಿಗೆ ಈ ಬಗ್ಗೆ ಒಮ್ಮತವಿಲ್ಲ. ಆದರೆ ಕೀಮೋ ಮಧ್ಯೆ ಇರುವ ಮನೆಗೆ ತಿಂಗಳ ದುಡ್ಡು ಬೇಕು, ಕೇಸಿನ ತಾರೀಖು ಅಲ್ಲ.

ಅದೂ ಸಲೀಸಾಗಿ ಆಗಲಿಲ್ಲ. ಸತತ ಎರಡು ವರ್ಷದ ಕೆಲಸ, 156 ದಿನದ ವಂತಿಗೆ ಬೇಕು. ಅಣ್ಣ ಒಂದೇ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಗುತ್ತಿಗೆದಾರರು ಬದಲಾಗುತ್ತಿದ್ದರು. 2021ರಲ್ಲಿ ಬಂದ ಹೊಸ ಗುತ್ತಿಗೆದಾರ ಹಳೇ ಇಎಸ್‌ಐ ನಂಬರ್ ಕೇಳದೆ ಹೊಸದೇ ಮಾಡಿಸಿಬಿಟ್ಟಿದ್ದ. ಕಂಪ್ಯೂಟರ್ ಲೆಕ್ಕದಲ್ಲಿ ಅವರು ಮೊನ್ನೆ ಸೇರಿದ ಹೊಸಬರು! ಎರಡೂ ನಂಬರ್ ಒಂದೇ ಮನುಷ್ಯನವು ಎಂದು ತೋರಿಸಿ ಜೋಡಿಸಲು ತಿಂಗಳುಗಳೇ ಹಿಡಿದವು. ಇಎಸ್‌ಐ ನಂಬರ್ ಜೀವಮಾನಕ್ಕೆ ಒಂದೇ. ಕೆಲಸ ಬದಲಿಸಿದಾಗ, ಗುತ್ತಿಗೆದಾರ ಬದಲಾದಾಗ ಹಳೆಯದನ್ನೇ ಕೊಡಬೇಕು. ಓದುವವರಲ್ಲಿ ಯಾರಾದರೂ ಗುತ್ತಿಗೆ ಕೆಲಸದಲ್ಲಿದ್ದರೆ ಇವತ್ತೇ ಒಮ್ಮೆ ನೋಡಿಕೊಳ್ಳಿ.

ಈ ನಡುವೆ ಮಾಲೀಕರು ರಾಜೀನಾಮೆ ಬರೆದುಕೊಡಿ, ಒಂದಿಷ್ಟು ಕೊಡ್ತೀನಿ ಅಂದರು. ಬರೆಯಬೇಡಿ ಎಂದು ತಡೆದೆವು. ಇಎಸ್‌ಐ ಕಾಯಿದೆಯ 73ನೇ ಕಲಮಿನಂತೆ ಅನಾರೋಗ್ಯದ ಹಣ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿರಲಿಲ್ಲ. ತಾನಾಗಿ ಬರೆದುಕೊಟ್ಟರೆ ಆ ರಕ್ಷಣೆ ಇರುವುದಿಲ್ಲ.

ಟ್ಯಾಂಕ್ ಏನಾಯಿತು

ಕಾರ್ಖಾನೆ ಇಲಾಖೆಗೆ ಕೆಲಸಗಾರರೇ ಬರೆದರು. ತಮ್ಮ ಆರೋಗ್ಯ, ಸುರಕ್ಷತೆಯ ಮಾಹಿತಿ ಕೇಳುವ ಹಕ್ಕು ಕಾಯಿದೆಯ 111ಎ ಕಲಮಿನಲ್ಲಿತ್ತು, ಅದನ್ನೇ ಮುಂದಿಟ್ಟರು. ಅಧಿಕಾರಿ ಬಂದು ನೋಡಿದರು. ನನ್ನ 27 ಪಿಪಿಎಂ ಲೆಕ್ಕ ನೋಡಿದ ಮಾಲೀಕರಿಗೆ ತಾಗಿದ್ದು ಆರೋಗ್ಯದ ಮಾತಲ್ಲ, ತಿಂಗಳಿಗೆ 100 ಲೀಟರ್ ದುಡ್ಡು ಗಾಳಿಗೆ ಹೋಗುತ್ತಿದೆ ಎಂಬುದು. ಇರಲಿ, ಕೆಲಸ ಆಯಿತಲ್ಲ. ಕೊಳವೆ ರಿಪೇರಿಯಾಯಿತು, ಟ್ಯಾಂಕಿಗೆ ಮುಚ್ಚಳ ಬಂತು, ಅಂಚಿನಲ್ಲೇ ಆವಿ ಎಳೆಯುವ ಡಕ್ಟ್ ಹಾಕಿಸಿದರು.

ಸಪ್ಲೈಯರ್ ಒಬ್ಬ ವಾಸನೆ ಕಡಿಮೆಯಿರುವ ಬೇರೆ ಕೆಮಿಕಲ್ ತಂದುಕೊಡ್ತೀನಿ ಅಂದಿದ್ದನಂತೆ. ವಿವರಪತ್ರ ನೋಡಿದರೆ ಡೈಕ್ಲೋರೋಮೀಥೇನ್, ಅದೂ ಎರಡನೇ ಗುಂಪಿನದು, ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚಿರುವಂಥದ್ದು. ಬೇಡ ಅಂದೆವು. ಈಗ ಅರ್ಧಕ್ಕಿಂತ ಹೆಚ್ಚು ಬಿಡಿಭಾಗಗಳನ್ನು ಬಿಸಿ ಕ್ಷಾರದ ನೀರಿನಲ್ಲಿ ತೊಳೆಯುತ್ತಾರೆ. ತುಕ್ಕು ಹಿಡಿಯುತ್ತದೆ ಎಂದು ಮೊದಲು ಗೊಣಗಿದರು, ಒಣಗಿಸುವ ಒಲೆ ಸೇರಿಸಿದ ಮೇಲೆ ಸರಿಹೋಯಿತು.

ಟ್ಯಾಂಕ್ ಸೆಕ್ಷನ್ನಿನ ಉಳಿದವರಿಗೆ ಮೂತ್ರ, ಯಕೃತ್ತಿನ ಪರೀಕ್ಷೆ ಮಾಡಿಸಿದರು. ಹೊಟ್ಟೆ ಕ್ಯಾನ್ಸರ್ ರೋಗಿಯ ಹತ್ತಿರದ ರಕ್ತಸಂಬಂಧಿಗಳಿಗೆ ಪೈಲೋರಿ ನೋಡುವುದು ಒಳ್ಳೆಯದು. ಮಗನಿಗೆ ಸೋಂಕು ಸಿಕ್ಕಿತು, ಹದಿನಾಲ್ಕು ದಿನದ ಔಷಧದಲ್ಲಿ ಹೋಯಿತು. ರಬ್ಬರ್ ಘಟಕದ ಹಳೇ ಜೊತೆಗಾರರಲ್ಲಿ ಇಬ್ಬರ ವಿಳಾಸ ಸಿಕ್ಕಿದೆ. ಒಬ್ಬರು ಮಾತ್ರ ತಪಾಸಣೆಗೆ ಒಪ್ಪಿದರು.

ಅಣ್ಣ ಈಗ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತಾರೆ. ಸಿಹಿ ಒಮ್ಮೆಲೇ ತಿಂದರೆ ಬೆವರಿ ತಲೆ ಸುತ್ತುತ್ತದೆ, ಜಠರ ತೆಗೆದವರಲ್ಲಿ ಇದು ಸಾಮಾನ್ಯ. ಬಿ12 ಇಂಜೆಕ್ಷನ್ ನಡೆದಿದೆ. ತೂಕ 60ರ ಆಸುಪಾಸು. ಬೀಡಿ ಬಿಟ್ಟಿದ್ದಾರೆ. ಉಪ್ಪಿನಕಾಯಿ ಬಿಟ್ಟಿಲ್ಲ ಎಂದು ಹೆಂಡತಿಯ ದೂರು. 2024ರಲ್ಲಿ ಅದೇ ಘಟಕಕ್ಕೆ ವಾಪಸ್ ಹೋದರು, ಸ್ಟೋರ್ ಕೆಲಸಕ್ಕೆ. ಸ್ಟೋರ್ ಇರುವುದು ಪೇಂಟ್ ಶಾಪಿಗೆ ಅಂಟಿಕೊಂಡು, ನಡುವೆ ಬಾಗಿಲಿಲ್ಲ. ಬಾಗಿಲು ಇಡಿಸಿ ಎಂದು ಬರೆದುಕೊಟ್ಟಿದ್ದೇವೆ. ಮುಂದಿನ ತಿಂಗಳು ಅಂದಿದ್ದಾರೆ.